ಬಿಡದಿಯ ಕೆಂಗಂದು ಕುದುರೆ ಮತ್ತು ಇಪ್ಪತ್ತು ವರ್ಷದ ಲೆಕ್ಕ

ಬಿಡದಿ ಅಂದರೆ ತಟ್ಟೆ ಇಡ್ಲಿ, ವಂಡರ್‌ಲಾ, ಟೊಯೊಟಾ ಕಾರ್ಖಾನೆ. ಶನಿವಾರ ಮೈಸೂರು ರಸ್ತೆ ಹಿಡಿದವರ ಪಟ್ಟಿ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತೆ. ಆದರೆ ಊರು ದಾಟಿ ಒಳರಸ್ತೆಗೆ ತಿರುಗಿದರೆ ಹಿಪ್ಪುನೇರಳೆ, ಮಾವು, ತೆಂಗಿನ ನಡುವೆ ತೋಟದ ಮನೆಗಳ ಬೇಲಿ ಶುರು. ಅಂಥದ್ದೇ ಒಂದು ತೋಟಕ್ಕೆ ನಾನು ಹೋಗಿದ್ದು ಕುದುರೆ ಕೊಳ್ಳೋಕೆ.

ಈ ಸೀಮೆಗೆ ಕುದುರೆ ಹೊಸದಲ್ಲ. ಇಲ್ಲಿಂದ ಮಾಗಡಿ ಮೇಲೆ ಹೋದರೆ ಸಿಗುವ ಕುಣಿಗಲ್‌ನ ಕುದುರೆ ಫಾರಂಗೆ ಟಿಪ್ಪು ಕಾಲದ ಇತಿಹಾಸ ಇದೆ. ನಾನು ನೋಡಿದ್ದು ರೇಸ್‌ನಿಂದ ನಿವೃತ್ತಿಯಾದ ಏಳು ವರ್ಷದ ಗಂಡು. ಮೈ ಕೆಂಗಂದು, ಕತ್ತಿನ ಕೂದಲೂ ಬಾಲವೂ ಅದೇ ಬಣ್ಣ. ಇದನ್ನೇ ಚೆಸ್ಟ್‌ನಟ್ ಅನ್ನೋದು. ಮೈ ಕಂದಾಗಿದ್ದು ಬಾಲ ಕಪ್ಪಾಗಿದ್ದರೆ ಅದು ಬೇ.

ಈಗ ಅದು ಡ್ರೆಸಾಜ್ ಕಲಿಯುತ್ತಿದೆ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಹೆಜ್ಜೆ, ತಿರುವು, ನಿಲುಗಡೆ, ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಸವಾರರು ಕೊಡುವ ಸನ್ನೆ ನೋಡುವವರ ಕಣ್ಣಿಗೆ ಬೀಳಬಾರದು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ತಂಡ ಚಿನ್ನ ಗೆದ್ದದ್ದು ಇದರಲ್ಲೇ. 2018ರಲ್ಲಿ ಜಕಾರ್ತಾದಿಂದ ಎರಡು ಬೆಳ್ಳಿ ತಂದ ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರ ಇವೆಂಟಿಂಗ್ ಸ್ಪರ್ಧೆಯಲ್ಲೂ ಮೊದಲ ಹಂತ ಡ್ರೆಸಾಜ್. ರೇಸ್ ಕುದುರೆಗೆ ಇದು ಉಲ್ಟಾ ಪಾಠ. ಲಗಾಮು ಬಿಗಿಯಾದಷ್ಟೂ ಮುನ್ನುಗ್ಗಿ ಅಭ್ಯಾಸವಾದ ಪ್ರಾಣಿ ಈಗ ನಿಧಾನ ಕಲಿಯಬೇಕು.

ಈ ಕಡೆ ಎತ್ತು ಕೊಳ್ಳುವವರು ಹಲ್ಲು, ಸುಳಿ, ನಡಿಗೆ ನೋಡುತ್ತಾರೆ. ನಾನು ಕರೆದೊಯ್ದ ಪಶುವೈದ್ಯರು ಸುಳಿಯೊಂದು ಬಿಟ್ಟು ಎಲ್ಲ ನೋಡಿದರು. ಒಂದೊಂದೇ ಕಾಲು ಮಡಿಸಿ ಹಿಡಿದು, ಬಿಟ್ಟ ತಕ್ಷಣ ಗಟ್ಟಿ ನೆಲದ ಮೇಲೆ ಓಡಿಸಿ, ಕುಂಟು ಇದೆಯಾ ಅಂತ ಪರೀಕ್ಷಿಸಿದರು. ಮುಂಗಾಲಲ್ಲಿ ರೇಸ್ ದಿನಗಳ ಹಳೇ ಗಾಯದ ಗುರುತು ಸಿಕ್ಕಿತು. “ಡ್ರೆಸಾಜ್‌ಗೆ ಸಾಕು, ಜಿಗಿತ ಬೇಡ” ಅಂದರು.

ಅಷ್ಟರಲ್ಲಿ ಲಾಯ ನೋಡಿಕೊಳ್ಳುವ ಹಿರಿಯರು ಕೇಳಿದರು: “ಮೇಡಂ, ದುಡ್ಡಿನ ಮಾತು ಆಮೇಲೆ ಆಡಿ. ಇದು ಕುಂಟಿದ ಮೇಲೂ ಇಟ್ಕೋತೀರಾ?”

ಕುದುರೆ 25–30 ವರ್ಷ ಬದುಕುತ್ತೆ. ಅಂದರೆ ಇದಕ್ಕೆ ಇನ್ನೂ ಸುಮಾರು ಇಪ್ಪತ್ತು ವರ್ಷ. ನನ್ನ ಮನೆ ಸಾಲದ ಅವಧಿಯೂ ಅಷ್ಟೇ! ದಿನಕ್ಕೆ ಎಂಟು-ಹತ್ತು ಕಿಲೋ ಒಣಹುಲ್ಲು, ಮೇಲೆ ಕಾಳು. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ. ಹೊಟ್ಟೆನೋವು ಬಂತೆಂದರೆ ನಡುರಾತ್ರಿಯಾದರೂ ಡಾಕ್ಟರ್ ಬರಲೇಬೇಕು. ಕೊಂಡ ಬೆಲೆ ಇವೆಲ್ಲದರ ಮುಂದೆ ಬರೀ ಅಡ್ವಾನ್ಸ್.

ಮೂರು ವಾರ ಯೋಚಿಸಿ, ಗೆಳತಿಯೊಬ್ಬಳ ಜೊತೆ ಅರ್ಧರ್ಧ ಹಾಕಿ ಕೊಂಡೆ. ಅದೇ ಲಾಯದಲ್ಲಿ, ಅದೇ ಹಿರಿಯರ ಕೈಯಲ್ಲಿ ಬಿಟ್ಟಿದ್ದೇವೆ. ನಮ್ಮಿಬ್ಬರ ಒಪ್ಪಂದದ ಮೊದಲ ಸಾಲು: ಸವಾರಿ ನಿಂತ ಮೇಲೂ ಖರ್ಚು ಸಮಪಾಲು, ಮಾರುವಂತಿಲ್ಲ.

ನಿಮಗೂ ಇಂಥ ಆಸೆ ಇದ್ದರೆ, ಬೆಲೆ ಕೇಳುವ ಮೊದಲು ಆ ಸಾಲನ್ನು ಬರೆದು ನೋಡಿ. ಕೈ ನಡುಗದಿದ್ದರೆ ಬಿಡದಿ ಕಡೆ ಹೊರಡಿ.