ಕಾಡಿನ ಧರ್ಮದರ್ಶಿಗಳು

ಲಂಡನ್ ನಗರದ ಉತ್ತರಕ್ಕೆ ಸುಮಾರು 20 ಮೈಲಿ ದೂರದಲ್ಲಿ, ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ, ಸೇಂಟ್ ಆಲ್ಬನ್ಸ್ ಎಂಬ ಪುರಾತನ ಪಟ್ಟಣವಿದೆ. ಅದರ ಸಮೀಪದ ಸ್ಯಾಂಡ್ರಿಜ್ ಎಂಬ ಹಳ್ಳಿಯನ್ನು ದಾಟಿದೊಡನೆ ಪ್ರವಾಸಿಗನ ಕಣ್ಣಿಗೆ ಎಳೆಯ ಕಾಡೊಂದು ಬೀಳುತ್ತದೆ. ಅದರ ಹೆಸರು ಹಾರ್ಟ್‌ವುಡ್; ಮರದ ಚೇಗು ಎಂಬುದು ಆ ಮಾತಿನ ಅರ್ಥ. 2008ರವರೆಗೆ ಈ ನೆಲದ ಬಹುಭಾಗವು ಉಳುಮೆಯ ಹೊಲವಾಗಿದ್ದಿತು. ಆ ಹೊಲಗಳ ನಡುವೆ, ನೇಗಿಲಿನ ಬಾಯಿಗೆ ಸಿಕ್ಕದೆ ಉಳಿದುಕೊಂಡಿದ್ದ ಹಳೆಯ ಕಾಡಿನ ತುಣುಕುಗಳು ಕೆಲವು ಮಾತ್ರ, ಸಮುದ್ರದೊಳಗಣ ದ್ವೀಪಗಳಂತೆ ಅಲ್ಲಲ್ಲಿ ನಿಂತಿದ್ದುವು.

ವಸಂತದಲ್ಲಿ ಈ ಹಳೆಯ ತುಣುಕುಗಳ ವೈಭವವೇ ಬೇರೆ. ಓಕ್ ಮತ್ತು ಹಾರ್ನ್‌ಬೀಮ್ ಮರಗಳು ಎಲೆ ತುಂಬಿ ನೆರಳು ಕವಿಯುವುದಕ್ಕೆ ಮೊದಲೇ, ಬ್ಲೂಬೆಲ್ ಎಂಬ ನೀಲಿಯ ಹೂಗಳು ನೆಲವನ್ನೆಲ್ಲ ಹಾಸಿಬಿಡುತ್ತವೆ. ಬೀಜದಿಂದ ಮೊಳೆತ ಬ್ಲೂಬೆಲ್ ಗಿಡ ಹೂ ಬಿಡಲು ಐದು ವರ್ಷಗಳಾದರೂ ಬೇಕು. ಅದು ಒಂದೆಡೆಯಿಂದ ಇನ್ನೊಂದೆಡೆಗೆ ಹಬ್ಬುವುದಂತೂ ಅತಿ ನಿಧಾನ. ಆದುದರಿಂದಲೇ ಈ ಹೂಗಳ ಹಾಸು ಕಾಡಿನ ವಯಸ್ಸಿಗೆ ಒಂದು ಸಾಕ್ಷಿ. ಇಂಗ್ಲೆಂಡಿನಲ್ಲಿ ಕ್ರಿ. ಶ. 1600ರಿಂದ ಎಡೆಬಿಡದೆ ಕಾಡಾಗಿಯೇ ಉಳಿದ ನೆಲಕ್ಕೆ ‘ಪ್ರಾಚೀನ ಅರಣ್ಯ’ವೆಂದು ಹೆಸರು. ಬ್ರಿಟನ್ನಿನ ನೆಲದಲ್ಲಿ ಕಾಡಿರುವುದು ನೂರಕ್ಕೆ 13 ಪಾಲು. ಅದರೊಳಗೆ ಪ್ರಾಚೀನವಾದುದು ನೆಲದ ನೂರಕ್ಕೆ ಎರಡೂವರೆ ಪಾಲಿನಷ್ಟು ಮಾತ್ರ.

2008ರಲ್ಲಿ ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ಧರ್ಮಸಂಸ್ಥೆಯು ಇಲ್ಲಿಯ 858 ಎಕರೆಗಳನ್ನು ಕೊಂಡಿತು. ಮರುವರ್ಷದಿಂದ ಸಸಿ ನೆಡುವ ಕೆಲಸ ಮೊದಲಾಯಿತು. ಶಾಲೆಯ ಮಕ್ಕಳು, ಅವರ ತಂದೆತಾಯಿಗಳು, ವಯಸ್ಸಾದವರು, ಹೀಗೆ ಸಾವಿರಾರು ಮಂದಿ ಚಳಿಗಾಲದ ಕೆಸರಿನಲ್ಲಿ ಗುದ್ದಲಿ ಹಿಡಿದು ಸುಮಾರು 6 ಲಕ್ಷ ಸಸಿಗಳನ್ನು ನೆಟ್ಟರು. ಎಲ್ಲವೂ ಆ ದೇಶದ ಮಣ್ಣಿನವೇ ಆದ ಮರಗಳು. ಎಲ್ಲೆಡೆಯೂ ಮರವನ್ನೇ ತುಂಬದೆ, ಚಿಟ್ಟೆಗಳಿಗೂ ಹಕ್ಕಿಗಳಿಗೂ ಎಡೆಯಿರಲೆಂದು ನಡುನಡುವೆ ಹುಲ್ಲುಗಾವಲನ್ನು ಬಿಟ್ಟರು. 2018ರ ವೇಳೆಗೆ ನೆಡುವ ಕೆಲಸ ಮುಗಿಯಿತು.

ಈ ಸಂಸ್ಥೆಯ ಹುಟ್ಟು ಬಹಳ ಸರಳವಾದುದು. ಇಂಗ್ಲೆಂಡಿನ ನೈಋತ್ಯದಲ್ಲಿರುವ ಡೆವನ್ ಪ್ರಾಂತದ ಕೆನೆತ್ ವಾಟ್ಕಿನ್ಸ್ ಎಂಬಾತನು ವ್ಯವಸಾಯದಲ್ಲಿದ್ದು ನಿವೃತ್ತನಾದವನು. ಸುತ್ತಲಿನ ಹಳೆಯ ಕಾಡುಗಳು ಹೊಲಗಳಾಗಿಯೋ, ಪರದೇಶದ ಸೂಜಿಯೆಲೆಯ ಮರಗಳ ತೋಪುಗಳಾಗಿಯೋ ಮಾರ್ಪಡುತ್ತಿದ್ದುದನ್ನು ಕಂಡು, 1972ರಲ್ಲಿ ಕೆಲವರು ಮಿತ್ರರೊಡಗೂಡಿ ಇದನ್ನು ಸ್ಥಾಪಿಸಿದನು. ಕಾಡನ್ನು ಉಳಿಸಲು ಅವರು ಕಂಡುಕೊಂಡ ಉಪಾಯ ಒಂದೇ: ಅದನ್ನು ಕೊಂಡುಬಿಡುವುದು! 1978ರಲ್ಲಿ ಕಚೇರಿಯು ಗ್ರ್ಯಾಂಥಮ್ ಪಟ್ಟಣಕ್ಕೆ ಬಂದಿತು. ಈಗ ಸಂಸ್ಥೆಯ ಕೈಯಲ್ಲಿ ಸಾವಿರಕ್ಕೂ ಹೆಚ್ಚು ಕಾಡುಗಳಿವೆ.

ಇಷ್ಟು ಆಸ್ತಿಗೆ ಒಡೆಯರು ಯಾರು? ಲಾಭ ಹಂಚಿಕೊಳ್ಳುವ ಪಾಲುದಾರನೊಬ್ಬನೂ ಇಲ್ಲ. ನಮ್ಮ ದೇವಾಲಯಗಳಿಗೆ ಇರುವಂತೆ ಇಲ್ಲಿಯೂ ಒಂದು ಧರ್ಮದರ್ಶಿ ಮಂಡಲಿಯುಂಟು. ಅದರ ಸದಸ್ಯರಿಗೆ ಸಂಬಳವಿಲ್ಲ. ಗುರಿಯನ್ನು ಗೊತ್ತುಮಾಡುವುದು, ಹಣಕ್ಕೆ ಲೆಕ್ಕ ಕೇಳುವುದು ಅವರ ಹೊಣೆ. ದಿನದಿನದ ಆಡಳಿತವನ್ನು ಮುಖ್ಯಾಧಿಕಾರಿಯೂ ಸಂಬಳದ ಸಿಬ್ಬಂದಿಯೂ ನಡೆಸುತ್ತಾರೆ. ಪ್ರತಿಯೊಂದು ಕಾಡಿಗೂ ಒಂದು ಲಿಖಿತ ಯೋಜನೆಯಿದ್ದು, ಐದು ವರ್ಷಗಳಿಗೊಮ್ಮೆ ಅದನ್ನು ಪರಿಶೀಲಿಸಿ ತಿದ್ದುತ್ತಾರೆ. ಯಾವ ಮರವನ್ನು ಕಡಿಯಬೇಕು, ಯಾವ ಹಾದಿಯನ್ನು ತೆರೆಯಬೇಕು ಎಂಬುದೆಲ್ಲ ಅದರಿಂದಲೇ ನಿರ್ಣಯವಾಗುತ್ತದೆ. ಕಾಡಿನೊಳಗೆ ಅಡ್ಡಾಡಲು ಸಾರ್ವಜನಿಕರು ಕಾಸನ್ನೂ ಕೊಡಬೇಕಾಗಿಲ್ಲ.

ಹಣ ಬರುವುದು ಸದಸ್ಯರ ವಂತಿಗೆಯಿಂದ, ದಾನದಿಂದ, ಸರಕಾರದ ಮತ್ತು ವ್ಯಾಪಾರ ಸಂಸ್ಥೆಗಳ ನೆರವಿನಿಂದ. ಇವೆಲ್ಲಕ್ಕಿಂತ ಮನಸ್ಸನ್ನು ತಟ್ಟುವ ಆದಾಯವೆಂದರೆ ಉಯಿಲಿನ ಹಣ. ತಾವು ಕಾಣದ ವಸಂತಗಳಿಗಾಗಿ ಎಷ್ಟೋ ಜನ ತಮ್ಮ ಸ್ವತ್ತಿನ ಪಾಲನ್ನು ಕಾಡಿಗೆ ಬರೆದು ಕಣ್ಮುಚ್ಚುತ್ತಾರೆ.

ಆದರೆ ಹಣಕ್ಕೂ ಒಂದು ಮೇರೆಯುಂಟು. ಪ್ರಾಚೀನ ಅರಣ್ಯದಲ್ಲಿ ಹೆಚ್ಚಿನ ಪಾಲು ಇಂದಿಗೂ ಇತರರ ಕೈಯಲ್ಲಿದೆ. ಅಲ್ಲಿ ಸಂಸ್ಥೆಗೆ ಇರುವುದು ವಾದಿಸುವ ಬಾಯಿ ಮಾತ್ರ. ‘ತೀರ ಅಸಾಧಾರಣವಾದ ಕಾರಣ’ವಿಲ್ಲದೆ ಇಂಥ ಕಾಡನ್ನು ಕೆಡಿಸುವ ಕಟ್ಟಡಗಳಿಗೆ ಅನುಮತಿ ಕೊಡಬಾರದೆಂಬ ನೀತಿ 2018ರಲ್ಲಿ ಇಂಗ್ಲೆಂಡಿಗೆ ಬಂದಿತು. ಆದರೂ ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್ ಕಡೆಗೆ ಸಾಗುವ ಅತಿವೇಗದ ರೈಲುದಾರಿಗೆ ಹಲವು ಪ್ರಾಚೀನ ಕಾಡುಗಳ ಅಂಚುಗಳೂ ಒಡಲುಗಳೂ ಬಲಿಯಾದುವು. ಪ್ರತಿಯಾಗಿ ಬೇರೆಡೆ ಸಸಿ ನೆಡುತ್ತೇವೆಂಬ ಮಾತನ್ನು ಸಂಸ್ಥೆಯು ಒಪ್ಪಲಿಲ್ಲ. ಮರವನ್ನು ನೆಡಬಹುದು, ನಾಲ್ಕು ಶತಮಾನಗಳ ಬೇರು, ಅಣಬೆ, ಹುಳುಹುಪ್ಪಟೆಗಳಿಂದ ಹದಗೊಂಡ ಮಣ್ಣನ್ನು ನೆಡುವುದೆಂತು?

ರೋಗದ ಭಯವೂ ಉಂಟು. ಆ್ಯಶ್ ಮರಗಳನ್ನು ಒಣಗಿಸುವ ಶಿಲೀಂಧ್ರರೋಗವು 2012ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಸತ್ತ ಮರಗಳು ದಾರಿಹೋಕರ ಮೇಲೆ ಬೀಳದಂತೆ ಅವನ್ನು ಕಡಿಸುವುದೇ ದೊಡ್ಡ ಖರ್ಚಾಯಿತು. ಹೊರದೇಶದ ಸಸಿಗಳೊಡನೆ ಹೊಸ ರೋಗಗಳು ಬರದಿರಲೆಂದು, ಬ್ರಿಟನ್ ಹಾಗೂ ಐರ್ಲೆಂಡುಗಳಲ್ಲಿಯೇ ಆರಿಸಿದ ಬೀಜದಿಂದ ಅಲ್ಲಿಯೇ ಬೆಳೆಸಿದ ಸಸಿಗಳನ್ನು ಮಾತ್ರ ನೆಡುವುದು ಸಂಸ್ಥೆಯ ನಿಯಮ.

ಹಾರ್ಟ್‌ವುಡ್ಡಿನಲ್ಲಿ ಸಸಿ ನೆಡಲು ಸುಮಾರು ಹತ್ತು ವರ್ಷ ಸಾಕಾಯಿತು. ಹಳೆಯ ಕಾಡಿನ ಬ್ಲೂಬೆಲ್ಲುಗಳು ತಮ್ಮ ಅಂಚನ್ನು ದಾಟಿ ಎಳೆಯ ಮರಗಳ ನೆರಳನ್ನೆಲ್ಲ ತುಂಬುವುದಕ್ಕೆ ಶತಮಾನಗಳೇ ಬೇಕಾದಾವು. ಅಷ್ಟು ಕಾಲ ಈ ನೆಲವು ಮಾರಾಟವಾಗದೆ, ಒಡೆದು ಹಂಚಿಹೋಗದೆ, ಒಂದೇ ಸಂಕಲ್ಪದಡಿಯಲ್ಲಿ ಉಳಿಯಬೇಕು. ಧರ್ಮದರ್ಶಿಗಳು ಬರುತ್ತಾರೆ, ಹೋಗುತ್ತಾರೆ, ಸದಸ್ಯರೂ ಹಾಗೆಯೇ. ಮನುಷ್ಯನ ಆಯುಸ್ಸು ಕಾಡಿನ ಆಯುಸ್ಸಿಗೆ ಸಾಲದೆಂಬುದನ್ನು ಅರಿತವರು ಕಟ್ಟಿದ ಏರ್ಪಾಡು ಇದು.