ಹೋಗುವಾಗ ಮೂರು, ಬರುವಾಗ ಏಳು

ನೈರೋಬಿಯಲ್ಲಿ ಪಂಪ್‌ಸೆಟ್ ಮಾರುತ್ತಿದ್ದ ಕಾಲದಲ್ಲಿ ಒಮ್ಮೆ ನೈಜೀರಿಯಾದ ಲೇಗೋಸಿಗೆ ಹೋಗಬೇಕಾಯಿತು. ಬೆಳಿಗ್ಗೆ 7ಕ್ಕೆ ಹೊರಡುವ ವಿಮಾನ 10ಕ್ಕೆ ಲೇಗೋಸ್ ಮುಟ್ಟುತ್ತದೆ ಎಂದು ಟಿಕೆಟ್ಟಿನಲ್ಲಿತ್ತು. ಮೂರು ಗಂಟೆ, ಬೆಂಗಳೂರಿನಿಂದ ದೆಹಲಿಗೆ ಹೋದಷ್ಟೇ ಅಂದುಕೊಂಡೆ. ಹತ್ತಿದವನೇ ನಿದ್ದೆ ಹೊಡೆದೆ. ಇಳಿದಾಗ ಮೊಬೈಲಿನಲ್ಲಿ ಹತ್ತು ಗಂಟೆ. ಲೆಕ್ಕ ಸರಿಯಾಗಿಯೇ ಇತ್ತು.

ಸರಿಹೋದ ಆ ಲೆಕ್ಕವೇ ನನ್ನನ್ನು ಕೆಡಿಸಿತು. ವಾಪಸ್ ವಿಮಾನ ಹೊರಡುವುದು 11ಕ್ಕೆ. ಮೂರು ಕೂಡಿಸಿದರೆ ಮಧ್ಯಾಹ್ನ 2. ತಲುಪುವ ಹೊತ್ತೂ ಟಿಕೆಟ್ಟಿನಲ್ಲಿ ಅಚ್ಚಾಗಿತ್ತು. ಬಾಯಿಲೆಕ್ಕ ಬಲ್ಲವನಿಗೆ ಅದನ್ನು ನೋಡುವ ದರ್ದೇನು? ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಗುಜರಾತಿ ಸೇಠರೊಬ್ಬರಿಗೆ ಫೋನ್ ಮಾಡಿ, 'ಸಂಜೆ 4ಕ್ಕೆ ನಿಮ್ಮ ಅಂಗಡಿಯಲ್ಲಿರ್ತೀನಿ, ಪಾಲುದಾರರನ್ನೂ ಕರೆಸಿಬಿಡಿ' ಎಂದೆ.

ಆ ದಿನ ನಿದ್ದೆ ಬರಲಿಲ್ಲ. 2 ಗಂಟೆಗೆ ಕಿಟಕಿಯಲ್ಲಿ ನೋಡಿದರೆ ಕೆಳಗೆ ಕಾಂಗೋದ ಕಾಡು, ಎತ್ತ ನೋಡಿದರೂ ಹಸಿರೇ. ಪಕ್ಕದಲ್ಲಿ ಬಟ್ಟೆ ವ್ಯಾಪಾರದ ನೈಜೀರಿಯನ್ ಹೆಂಗಸೊಬ್ಬರಿದ್ದರು. 'ವಿಮಾನ ತಡವಾಗಿದೆಯಾ?' ಎಂದು ಕೇಳಿದೆ. 'ಇಲ್ಲವಲ್ಲ, ಇನ್ನೂ ಎರಡು ಗಂಟೆ ಇದೆ' ಎಂದರು. ಹಾಗಾದರೆ 4ಕ್ಕೆ ಇಳಿದು, ಓಡಿಹೋಗಿ, ಹೇಗೋ ಸಂಭಾಳಿಸಬಹುದು ಎಂದು ಗುಣಾಕಾರ ಹಾಕುತ್ತಿದ್ದಾಗ ಆಕೆಯೇ ಮೆಲ್ಲಗೆ, 'ಗಡಿಯಾರ ಎರಡು ತಾಸು ಮುಂದಿಟ್ಟುಕೊಳ್ಳಿ, ನೈರೋಬಿಯಲ್ಲಿ ಈಗಾಗಲೇ ನಾಲ್ಕು' ಎಂದರು. ಅಷ್ಟು ಹೊತ್ತಿಗೆ ಸೇಠರ ಅಂಗಡಿಯಲ್ಲಿ ಪಾಲುದಾರರು ಬಂದು ಕೂತಿರಬೇಕು. ಹಾರುವ ವಿಮಾನದಿಂದ ಯಾರಿಗೆ ಫೋನ್ ಮಾಡಲಿ?

ಇಳಿದಾಗ ಸಂಜೆ 6. ಸೇಠರು ರೇಗಲಿಲ್ಲ, ರೇಗಿದ್ದರೇ ವಾಸಿಯಿತ್ತು. 'ಭಾಯಿ, ಲೇಗೋಸ್ ಅಂದ್ರೆ ನಮ್ಮ ನಕುರು ಪಕ್ಕದ ಊರು ಅಂದ್ಕೊಂಡ್ರಾ?' ಎಂದು ನಕ್ಕರು. ಅವರ ಹಿಂದೆ ಪಾಲುದಾರರೂ ನಗುತ್ತಿದ್ದುದು ಫೋನಿನಲ್ಲಿ ಕೇಳಿಸಿತು. ಆರ್ಡರು ಬೇರೆಯವರ ಪಾಲಾಯಿತು.

ಎರಡೂ ಊರುಗಳ ನಡುವೆ ಸುಮಾರು 3,800 ಕಿ.ಮೀ. ಹೋಗುವಾಗಲೂ ಬರುವಾಗಲೂ ಹಾರಾಟ ಹೆಚ್ಚುಕಡಿಮೆ ಐದು ಗಂಟೆ. ಪಶ್ಚಿಮಕ್ಕೆ ಹಾರಿದರೆ ಗಡಿಯಾರ ಎರಡು ಗಂಟೆ ಕದಿಯುತ್ತದೆ, ಪೂರ್ವಕ್ಕೆ ಬಂದರೆ ಅಷ್ಟನ್ನೇ ಹೇರುತ್ತದೆ. ಗೋಡೆಯ ಭೂಪಟದ ಮೇಲೆ ತಪ್ಪು ಹೊರಿಸಬಹುದಿತ್ತು. ಅಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟೇ ಕಾಣುತ್ತದೆ, ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಆದರೆ ಟಿಕೆಟ್ಟಿನಲ್ಲಿ ಹೊತ್ತು ಅಚ್ಚಾಗಿತ್ತಲ್ಲ.

ನಾಚಿಕೆಯ ಬೇರು ಬೇರೆಲ್ಲೋ ಇತ್ತು. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ ಎಬೋಲಾ ಹಬ್ಬಿದಾಗ ಊರಿಂದ ಅಮ್ಮ ಫೋನ್ ಮಾಡಿ, 'ಬಂದ್ಬಿಡೋ ಮಗಾ, ಎಲ್ಲಾ ಒಂದೇ ಆಫ್ರಿಕಾ ಅಲ್ವೇನೋ?' ಎಂದಿದ್ದಳು. ಅದು ಇಲ್ಲಿಂದ 5,000 ಕಿ.ಮೀ.ಗೂ ಆಚೆ ಎಂದು ನಾನು ದೊಡ್ಡ ಭಾಷಣವನ್ನೇ ಬಿಗಿದಿದ್ದೆ. ಗೆಳೆಯರ ಮುಂದೆ ಅದನ್ನೇ ಹೇಳಿ ನಗಿಸಿದ್ದೂ ಉಂಟು. ನನ್ನ ತಲೆಯಲ್ಲಿದ್ದ ಆಫ್ರಿಕಾವೂ ಅವಳದ್ದಕ್ಕಿಂತ ದೊಡ್ಡದೇನೂ ಇರಲಿಲ್ಲ. ಅವಳಾದರೂ ಬಾಯಿಬಿಟ್ಟು ಕೇಳಿದ್ದಳು.