ಡೈನಮೋದ ಬೆನ್ನ ಹಿಂದೆ

ಸೋಮವಾರ ದೆಹಲಿಯ ಕರೋಲ್ ಬಾಗಿನ ಅಂಗಡಿಗಳಿಗೆ ರಜೆ. ಇದು ಗೊತ್ತಿದ್ದೂ ರಾಯರು ಸೋಮವಾರವೇ ಪೇಂಟ್ ಅಂಗಡಿ ಹುಡುಕಿಕೊಂಡು ಹೊರಟರು, ನನ್ನನ್ನೂ ಹಾಸಿಗೆಯಿಂದ ಎಬ್ಬಿಸಿಕೊಂಡು. ಎಳೆದ ಶಟರುಗಳ ಮುಂದೆ ಫುಟ್‌ಪಾತಿನ ತುಂಬ ಸ್ವೆಟರು, ಚಪ್ಪಲಿಗಳ ಇನ್ನೊಂದು ಬಜಾರೇ ಹರಡಿತ್ತು. ಪೇಂಟ್ ಮಾತ್ರ ಇಲ್ಲ. ರಾಯರ ಜೇಬಿನಲ್ಲೊಂದು ಬೆಂಕಿಪೊಟ್ಟಣ. ಒಳಗೆ ಹತ್ತಿಯ ಮೇಲೆ ಕಿರುಬೆರಳಿನ ಉಗುರಿನಷ್ಟು ಹಸಿರು ಚಕ್ಕೆ. ‘ಉಸಿರು ಬಿಗಿಹಿಡಿದು ನೋಡಯ್ಯ, ಹಾರಿಹೋದರೆ ಇನ್ನೊಂದಿಲ್ಲ’ ಅಂದರು. ಮೊಮ್ಮಗನ ಮೊದಲ ಹಲ್ಲು ಬಿದ್ದಾಗಲೂ ಅವರು ಇಷ್ಟು ಜೋಪಾನ ಮಾಡಿರಲಿಲ್ಲ.

*

ಕಾರು ಮಾರಿಸ್ ಮೈನರ್ 1000. 948 ಸಿಸಿ ಎಂಜಿನ್ನಿನ ಈ ಮಾದರಿ ಬಂದದ್ದು 1956ರಲ್ಲಿ. ರಾಯರಿಗೆ ಅದು ಮಾವನವರ ಕಡೆಯಿಂದ ಬಂತು. ಮಾವನವರಿಗೆ ಸಿಕ್ಕಿದ್ದು ರಾಯಭಾರ ಕಚೇರಿಯವರು ಬಿಟ್ಟುಹೋದ ಕಾರುಗಳ ಹರಾಜಿನಲ್ಲಿ. ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ನಡೆಸುತ್ತಿದ್ದ ಆ ಹರಾಜುಗಳಿಂದಲೇ ದೆಹಲಿಯ ಎಷ್ಟೋ ಮನೆಗಳಿಗೆ ಫಾರಿನ್ ಕಾರು ಬಂದಿದೆ. ಹೊರಮೈಯ ಬಣ್ಣದ ಬಗ್ಗೆ ತಕರಾರಿಲ್ಲ: ಬೂದು. ಡ್ಯಾಶ್‌ಬೋರ್ಡಿನ ಹಿಂದೆ ಬಿಸಿಲು ಕಾಣದ ಜಾಗದಲ್ಲಿ ಅದು ಇಂದಿಗೂ ಹಾಗೇ ಇದೆ. ತಕರಾರೆಲ್ಲ ಬಾನೆಟ್ಟಿನ ಒಳಗಿನದು.

ಒಳಗೆ ಎಂಜಿನ್ನಿಗೆ ಯಾರೋ ದಪ್ಪ ಬ್ರಶ್ಶಿನಲ್ಲಿ ಕಪ್ಪು ಬಳಿದಿದ್ದರು. ಕಪ್ಪು ಎದ್ದ ಕಡೆ ಹಸಿರು ಇಣುಕುತ್ತಿತ್ತು. ಮಾರಿಸ್ ಮೈನರ್ ಎಂಜಿನ್ನುಗಳು ಕಾರ್ಖಾನೆಯಿಂದ ಹಸಿರಾಗಿಯೇ ಹೊರಡುತ್ತಿದ್ದವು ಎಂದು ರಾಯರು ಓದಿಕೊಂಡಿದ್ದರು. ಆದ್ದರಿಂದ ಹಸಿರು ಕಂಡ ದಿನ ಅವರಿಗೆ ಹಬ್ಬ. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಯಾವ ಹಸಿರು?

*

ಮಂಗಳವಾರ. ಗ್ಯಾರೇಜು ಇರುವುದು ನಾಯಿವಾಲಾದ ಹಿಂದಿನ ಒಂದು ಗಲ್ಲಿಯಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಸೀಟ್ ಕವರು, ಮ್ಯಾಟು, ಹಾರನ್ನು, ಎಲ್ಇಡಿ ದೀಪ ಇವುಗಳ ನೂರು ಅಂಗಡಿ ದಾಟಬೇಕು. ಹೊಸ ಕಾರನ್ನು ತನ್ನದಲ್ಲದ ಹಾಗೆ ಕಾಣಿಸುವುದಕ್ಕೆ ಬೇಕಾದ್ದೆಲ್ಲ ಇಲ್ಲಿ ಸಿಗುತ್ತದೆ. ಹಳೇ ಕಾರನ್ನು ಅದರದೇ ಹಾಗೆ ಕಾಣಿಸುವುದಕ್ಕೆ ಏನು ಬೇಕು ಎಂದು ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ.

ಉಸ್ತಾದರಿಗೆ ಅರವತ್ತು ದಾಟಿದೆ. ‘ಸಾಬ್, ಬಾನೆಟ್ ಮುಚ್ಚಿದ ಮೇಲೆ ಯಾರು ನೋಡ್ತಾರೆ? ಸಿಲ್ವರ್ ಹೊಡೀತೀನಿ, ಫಳಫಳ ಅನ್ನತ್ತೆ’ ಎಂದು ಮೊದಲ ದಿನವೇ ತೀರ್ಪು ಕೊಟ್ಟಿದ್ದರು. ರಾಯರು ಒಪ್ಪಲಿಲ್ಲ. ನನಗೂ ಉಸ್ತಾದರ ಪ್ರಶ್ನೆಯೇ ಇತ್ತು, ಕೇಳುವ ಧೈರ್ಯ ಇರಲಿಲ್ಲ.

*

ಎಂಜಿನ್ನಿಗೆ ಬಣ್ಣ ಯಾಕೆ? ಬ್ಲಾಕು ಎರಕದ ಕಬ್ಬಿಣ; ಬರಿಮೈ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಅಷ್ಟೇ ಆಗಿದ್ದರೆ ಎಲ್ಲರೂ ಟಾರಿನ ಕಪ್ಪು ಬಳಿದು ಸುಮ್ಮನಾಗುತ್ತಿದ್ದರು. ಕಂಪನಿಗಳು ಬಣ್ಣವನ್ನು ಗುರುತಿಗೂ ಬಳಸಿಕೊಂಡವು. ಫೋರ್ಡ್ 1966ರಿಂದ ತನ್ನ ಅಮೆರಿಕದ ಎಂಜಿನ್ನುಗಳಿಗೆಲ್ಲ ಒಂದೇ ನೀಲಿ ಬಳಿಯಿತು. ಷೆವ್ರೊಲೆ ವಿ-8 ಎಂದರೆ ಎಷ್ಟೋ ವರ್ಷ ಕಿತ್ತಳೆ, 1977ರಿಂದ ಅದಕ್ಕೂ ನೀಲಿ. ಎರಡನೇ ಮಹಾಯುದ್ಧದ ಜೀಪುಗಳಲ್ಲಿ ಫೋರ್ಡ್ ಮಾಡಿದ್ದರ ಎಂಜಿನ್ ಬೂದು, ವಿಲ್ಲೀಸ್ ಮಾಡಿದ್ದರದು ಹಸಿರು. ಹೊರಗಿನಿಂದ ಎರಡೂ ಅವಳಿ ಜವಳಿ. 1961ರ ಜಾಗ್ವಾರ್ ಇ-ಟೈಪಿನ ಸಿಲಿಂಡರ್ ಹೆಡ್ಡು ಚಿನ್ನದ ಬಣ್ಣದ್ದು.

ನನಗೆ ಹೆಚ್ಚು ಮೋಜೆನಿಸಿದ್ದು ನಮ್ಮ ಅಂಬಾಸಡರಿನ ದಾಯಾದಿಗಳದ್ದು. ಆಸ್ಟಿನ್ನೂ ಮಾರಿಸ್ಸೂ 1952ರಲ್ಲಿ ಸೇರಿ ಬಿಎಂಸಿ ಎಂಬ ಒಂದೇ ಕಂಪನಿಯಾದ ಮೇಲೆ ಒಂದೇ ಎಂಜಿನ್ನು ಹತ್ತು ಹೆಸರಿನ ಕಾರುಗಳಿಗೆ ಕೂತಿತು. ಅಂಬಾಸಡರಿನಲ್ಲಿ ನಾವು ಮದುವೆ ದಿಬ್ಬಣ ಹೊತ್ತು ತಿರುಗಿದ ಆ 1489 ಸಿಸಿ ಎಂಜಿನ್ನಿನ ಒಡಹುಟ್ಟೇ ಎಂಜಿಎ ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇತ್ತು. ಅಲ್ಲಿ ಅದಕ್ಕೆ ಕಡುಗೆಂಪು ಬಣ್ಣ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಬೇರೆ ಬೇರೆ ಊರಿಗೆ ಕೊಟ್ಟಂತೆ, ಸೀರೆಯೂ ಆಯಾ ಊರಿನದು.

*

ಬುಧವಾರ, ಪೇಂಟ್ ಅಂಗಡಿ. ರಾಯರು ಪೊಟ್ಟಣ ತೆರೆದರು. ಅಂಗಡಿಯ ಹುಡುಗ ಶೇಡ್ ಕಾರ್ಡ್ ಬಿಡಿಸಿದ. ಭಾರತೀಯ ಮಾನಕದ ಐಎಸ್ 5 ಎಂಬ ಬಣ್ಣದ ಪಟ್ಟಿ ಹಳೆಯ ಬ್ರಿಟಿಷ್ ಪಟ್ಟಿಯ ಬೆನ್ನು ಹಿಡಿದೇ ಬಂದದ್ದು. ಇವತ್ತಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ‘ಡಿಎ ಗ್ರೇ’ ಕೊಡಿ ಎಂದರೆ ಡಬ್ಬ ಬರುತ್ತದೆ. ಡಿಎ ಎಂದರೆ ಡಾರ್ಕ್ ಅಡ್ಮಿರಾಲ್ಟಿ, ಬ್ರಿಟಿಷ್ ನೌಕಾದಳ. ಸಮುದ್ರವೇ ಕಾಣದ ಕರೋಲ್ ಬಾಗಿನಲ್ಲಿ ಗೇಟುಗಳಿಗೆ, ಗ್ರಿಲ್ಲುಗಳಿಗೆ ಯುದ್ಧನೌಕೆಯ ಬಣ್ಣ!

ಪಟ್ಟಿಯಲ್ಲಿ ಹಸಿರುಗಳೇ ಬೇಕಾದಷ್ಟಿವೆ. ಹುಡುಗ ಚಕ್ಕೆಯನ್ನು ‘ಮೆಹಂದಿ’ ಅಂದ. ಮಾಲೀಕರು ‘ಬಾಟಲ್ ಗ್ರೀನ್‌ಗೆ ಸ್ವಲ್ಪ ಕಪ್ಪು’ ಅಂದರು. ರಾಯರು ಎರಡನ್ನೂ ತಳ್ಳಿಹಾಕಿ, ‘ಒಗ್ಗರಣೆಗೆ ಬಿದ್ದ ಕರಿಬೇವು ಕಣಯ್ಯ, ಗಿಡದಲ್ಲಿರೋದಲ್ಲ’ ಎಂದು ನನ್ನ ಕಡೆ ತಿರುಗಿದರು. ಇದನ್ನು ನಾನು ಹಿಂದಿಗೆ ಹೇಗೆ ತಿರುಗಿಸಲಿ? ಆದರೆ ಮೂವರ ಮಾತಿನಲ್ಲಿ ನಿಖರವಾದದ್ದು ರಾಯರದೇ ಎಂದು ನನ್ನ ಮತ. ಅದರಲ್ಲಿ ಬಣ್ಣದ ಜೊತೆ ಎಣ್ಣೆಯೂ ಇತ್ತು, ಬೆಂಕಿಯೂ ಇತ್ತು.

ಸ್ಟೇನರ್ ಹಾಕಿ ಮೂರು ಮುಚ್ಚಳದಲ್ಲಿ ಮೂರು ಹಸಿರು ಕಲಸಿದರು. ಟ್ಯೂಬ್‌ಲೈಟಿನ ಕೆಳಗೆ ಎರಡನೆಯದು ಚಕ್ಕೆಗೆ ಅಚ್ಚುಕಟ್ಟಾಗಿ ಕೂತಿತು. ಬಾಗಿಲಾಚೆ ಬಿಸಿಲಿಗೆ ಹಿಡಿದರೆ ಮೂರನೆಯದು. ಮೋಸವೇನೂ ಅಲ್ಲ. ಬೇರೆ ಬೇರೆ ಪುಡಿಗಳಿಂದ ಮಾಡಿದ ಎರಡು ಬಣ್ಣ ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದುಂಟು. ಸೀರೆಗೆ ಬ್ಲೌಸ್ ಪೀಸ್ ಹುಡುಕುವ ಹೆಂಗಸರಿಗೆ ಇದು ಎಂದೋ ಗೊತ್ತು. ಅವರು ಅಂಗಡಿಯಿಂದ ಹೊರಗೆ ಬಂದೇ ನೋಡುತ್ತಾರೆ. ಹಾಗಾದರೆ ಎಂಜಿನ್ ಬಣ್ಣವನ್ನು ಯಾವ ಬೆಳಕಿನಲ್ಲಿ ನೋಡಬೇಕು? ಬಾನೆಟ್ಟಿನ ಕೆಳಗಿನ ನೆರಳಿನಲ್ಲೇ?

*

ಹಳೆಯ ಹಸಿರು ಪೇಂಟುಗಳಲ್ಲಿ ಬಹಳಷ್ಟು ಎರಡು ಪುಡಿಗಳ ಬೆರಕೆ: ಸೀಸದ ಕ್ರೋಮ್ ಹಳದಿ, ಪ್ರಷ್ಯನ್ ನೀಲಿ. ಸೀಸಕ್ಕೆ ಈಗ ಲಗಾಮು ಬಿದ್ದಿದೆ. ಮನೆಗೆ ಬಳಿಯುವ ಬಣ್ಣದಲ್ಲಿ 90 ಪಿಪಿಎಂ ಮೀರುವಂತಿಲ್ಲ ಎಂಬ ನಿಯಮ 2016ರದು. ಹಾಗಾಗಿ ಹಳೆಯ ಪೇಂಟು ಕೆರೆಯುವಾಗ ಮೂಗಿಗೆ ಬರಿ ಬಟ್ಟೆ ಸಾಲದು, ಸೀಸದ ಧೂಳು ತಡೆಯುವ ಮಾಸ್ಕೇ ಬೇಕು. ಪ್ರಷ್ಯನ್ ನೀಲಿ ಮಾತ್ರ ಉಸ್ತಾದರ ಗೂಡಿನಲ್ಲೇ ಸಿಕ್ಕಿತು, ಪುಟ್ಟ ಡಬ್ಬಿಯಲ್ಲಿ. ಬೇರಿಂಗು ಸರಿಯಾಗಿ ಕೂತಿದೆಯೇ ನೋಡಲು ಅದನ್ನು ತೆಳ್ಳಗೆ ಸವರುತ್ತಾರೆ. ತಾಗಿದ ಕಡೆ ನೀಲಿ ಅಂಟುತ್ತದೆ. ನಲವತ್ತು ವರ್ಷದಿಂದ ಬಳಸುತ್ತಿರುವ ಈ ನೀಲಿ ರಾಯರ ಹಸಿರಿನೊಳಗೂ ಇರಬಹುದು ಎಂದಾಗ ಉಸ್ತಾದರು ಮೊದಲ ಸಲ ಪೊಟ್ಟಣದೊಳಗೆ ಇಣುಕಿದರು.

ಆಮೇಲೆ ಮುಖ ಸಪ್ಪಗೆ ಮಾಡಿದರು. ಹೆಡ್ಡೂ ಟೈಮಿಂಗ್ ಕವರೂ ಹಿಂದಿನ ವಾರವೇ ಕಾಸ್ಟಿಕ್ ಸೋಡಾದ ಡ್ರಮ್ಮಿನಲ್ಲಿ ಕುದ್ದು ಬಂದಿದ್ದವು. ಪ್ರಷ್ಯನ್ ನೀಲಿಗೆ ಕ್ಷಾರವೇ ಯಮ. ಕಾಸ್ಟಿಕ್ ತಾಗಿದರೆ ನೀಲಿ ಹೋಗಿ ತುಕ್ಕಿನ ಕಂದು ಉಳಿಯುತ್ತದೆ. ಎಣ್ಣೆ, ಜಿಡ್ಡು, ಬಣ್ಣ ಎಲ್ಲ ಹೋಗಿ ಹೆಡ್ಡು ಹೊಸ ಕಾವಲಿಯ ಹಾಗಿತ್ತು. ಅದರ ಮೇಲೆ ಏನಿತ್ತು ಎಂದು ಇನ್ನು ಬ್ರಹ್ಮನೂ ಹೇಳಲಾರ. ಬ್ಲಾಕನ್ನು ಇನ್ನೂ ಡ್ರಮ್ಮಿಗೆ ಇಳಿಸಿರಲಿಲ್ಲ, ಅದೃಷ್ಟ.

*

ಶುಕ್ರವಾರ. ಬ್ಲಾಕನ್ನು ಬರಿದು ಮಾಡುವ ಕೆಲಸ. ಸೆಲ್ಫ್ ಮೋಟಾರು ಇಳಿಯಿತು, ಡೈನಮೋ ಇಳಿಯಿತು. ಡೈನಮೋದ ಬೆನ್ನ ಹಿಂದೆ, ಬ್ರಶ್ಶು ಹೋಗದ ಸಂದಿಯಲ್ಲಿ ಅಂಗೈಯಗಲ ಜಿಡ್ಡು. ಉಸ್ತಾದರು ಅದನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಕಟ್ಟಿಗೆಯ ಚಕ್ಕೆಯಿಂದ ಮೆಲ್ಲಗೆ ಎಬ್ಬಿಸಿದರು. ಕೆಳಗೆ ಕಪ್ಪೂ ಇಲ್ಲ, ಹಸಿರೂ ಇಲ್ಲ. ಮಂಕಾದ ಚಿನ್ನ.

ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ರಾಯರು ಪೊಟ್ಟಣ ತೆಗೆದು ತಮ್ಮ ಹಸಿರು ಚಕ್ಕೆಯನ್ನು ಮಗುಚಿದರು. ಇಷ್ಟು ದಿನ ನಾವು ಅದರ ಒಂದೇ ಮುಖ ನೋಡಿದ್ದೆವು. ಹಿಂಬದಿಯಲ್ಲಿ ಎಳೆಯಷ್ಟು ಹೊಳಪು. ತುಕ್ಕು ಎಂದುಕೊಂಡಿದ್ದೆವು.

*

ಬಿಎಂಸಿ ಕಂಪನಿ ಹಳೆಯ ಎಂಜಿನ್ನು ತೆಗೆದುಕೊಂಡು, ಕಾರ್ಖಾನೆಯಲ್ಲೇ ನವೀಕರಿಸಿದ ಎಂಜಿನ್ನು ಬದಲಿಗೆ ಕೊಡುತ್ತಿತ್ತು. ‘ಗೋಲ್ಡ್ ಸೀಲ್’ ಎಂದು ಹೆಸರು. ಗುರುತಿಗೆ ಇಡೀ ಎಂಜಿನ್ನಿಗೆ ಚಿನ್ನದ ಬಣ್ಣ. ಇನ್ನೊಂದು ದರ್ಜೆಗೆ ‘ಸಿಲ್ವರ್ ಸೀಲ್’, ಬೆಳ್ಳಿ ಬಣ್ಣ. ಚಿನ್ನ ಬಳಿದಾಗ ಈ ಬ್ಲಾಕಿನ ಮೇಲೆ ಡೈನಮೋ ಇರಲಿಲ್ಲ, ಅದಕ್ಕೇ ಸಂದಿಯಲ್ಲೂ ಚಿನ್ನ. ಹಸಿರು ಬಂದದ್ದು ಆಮೇಲೆ, ಡೈನಮೋ ಕೂತಲ್ಲೇ ಇದ್ದಾಗ. ಅಂದರೆ ರಾಯರಿಗಿಂತ ಮೊದಲೇ ಯಾರೋ ಒಬ್ಬರು ಚಿನ್ನ ನೋಡಿ ‘ಛೆ, ಮಾರಿಸ್ಸಿಗೆ ಇದು ಅಸಲಿ ಅಲ್ಲ’ ಎಂದು ಹಸಿರು ಹುಡುಕಿಕೊಂಡು ಹೋಗಿದ್ದಾರೆ.

‘ಮಾವನವರದ್ದೇ ಕೆಲಸ’ ಅಂದರು ರಾಯರು. ‘ಅವರಿಗೂ ಹೀಗೇ ಹುಚ್ಚಿತ್ತು.’

*

ಈಗ ಅಸಲಿ ಯಾವುದು? ಕಾರಿಗೆ ಹಸಿರು, ಎಂಜಿನ್ನಿಗೆ ಚಿನ್ನ. ಎರಡೂ ಕಾರ್ಖಾನೆಯ ಮಾತೇ. ಆರ್‌ಸಿಯಲ್ಲಿರುವುದು ಚಿನ್ನದ ಎಂಜಿನ್ನಿನ ನಂಬರು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ಕಾರಿಗೆ ‘ವಿಎ’ ಅಕ್ಷರದ ವಿಂಟೇಜ್ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಿತ್ಯ ಓಡಿಸುವಂತಿಲ್ಲ, ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲಿಗೆ, ರಿಪೇರಿಗೆ ಹೋಗಿಬರಬಹುದು. ಷಾಸಿ, ಬಾಡಿ, ಎಂಜಿನ್ನು ಮಾರ್ಪಾಡಾಗಿರಬಾರದು ಎನ್ನುವ ನಿಯಮ ಎಂಜಿನ್ನಿನ ಬಣ್ಣದ ತಂಟೆಗೆ ಹೋಗುವುದಿಲ್ಲ. ಆ ತಂಟೆಯೆಲ್ಲ ರ‍್ಯಾಲಿಯ ತೀರ್ಪುಗಾರರದು. ದೆಹಲಿಯಲ್ಲಿ 1964ರಿಂದ ನಡೆದು ಬಂದಿರುವ ಸ್ಟೇಟ್ಸ್‌ಮನ್ ರ‍್ಯಾಲಿಗೆ ಕಾರು ಇಳಿಸಬೇಕೆಂಬುದು ರಾಯರ ಆಸೆ.

ರಾಯರು ಎರಡು ದಿನ ಫೋನು ಮಾಡಲಿಲ್ಲ. ಮೂರನೆಯ ದಿನ ಚಿನ್ನವೇ ಇರಲಿ ಎಂದರು. ಕಲಸಿದ ಹಸಿರು ಉಸ್ತಾದರ ಪಾಲಾಯಿತು. ಗ್ಯಾರೇಜಿನ ಬಾಗಿಲಿಗೆ ಈಗ ಒಗ್ಗರಣೆ ಕರಿಬೇವಿನ ಬಣ್ಣ. ಫಳಫಳ ಬೇಡ, ಮಂಕಾಗಿರಲಿ, ಬೋಲ್ಟುಗಳ ತಲೆಯ ಮೇಲೂ ಬಿದ್ದಿರಲಿ ಎಂದು ರಾಯರು ಹತ್ತು ಸಲ ಹೇಳಿದ್ದಾರೆ. ಕಾರ್ಖಾನೆಯವರು ಎಂಜಿನ್ನಿಗೆ ಬಣ್ಣ ಹೊಡೆದದ್ದು ಅವಸರದಲ್ಲಿ, ಜೋಡಿಸಿದ ಮೇಲೆ. ತೇಪೆ, ಸೋರಿಕೆ ಎಲ್ಲ ಇರುತ್ತಿತ್ತು. ಇಷ್ಟು ಒರಟಾಗಿ ಹೊಡೆಯುವುದು ಉಸ್ತಾದರಿಗೆ ಕಷ್ಟವಾಗುತ್ತಿದೆ.

ನಿಮ್ಮ ಮನೆಯ ಶೆಡ್ಡಿನಲ್ಲೂ ಹಳೇ ಅಂಬಾಸಡರೋ ಪದ್ಮಿನಿಯೋ ಇದ್ದರೆ, ಎಂಜಿನ್ನನ್ನು ಕಾಸ್ಟಿಕ್ಕಿಗೆ ಕೊಡುವ ಮೊದಲು ಡೈನಮೋ ಅಥವಾ ಆಲ್ಟರ್ನೇಟರ್ ಬಿಚ್ಚಿಸಿ ಅದರ ಹಿಂದಿನ ಜಿಡ್ಡನ್ನು ಸೀಮೆಎಣ್ಣೆಯಲ್ಲಿ ನೆನೆಸಿ ನೋಡಿ. ಎಂಜಿನ್ ನಂಬರಿನ ಪ್ಲೇಟಿನ ರಿವೆಟ್ ಮಾತ್ರ ಮುಟ್ಟಬೇಡಿ, ಅದು ಪೊಲೀಸು ಕೇಸು. ಚಕ್ಕೆ ಸಿಕ್ಕರೆ ಎರಡೂ ಮುಖ ನೋಡಿ.